ಬಂಡಿಯೇರಿದ ಒಲೆ

ಮನುಷ್ಯನು ಬೆಂಕಿಯನ್ನು ಪಳಗಿಸಿದ ಕಥೆಯು ಬಹು ಪುರಾತನವಾದುದು. ಆ ಬೆಂಕಿಯನ್ನು ಬಂಡಿಯ ಮೇಲೆ ಏರಿಸಿಕೊಂಡು ಊರಿಂದೂರಿಗೆ ಕೊಂಡೊಯ್ಯಲಾರಂಭಿಸಿದ ಕಥೆಯಾದರೋ ತೀರ ಈಚಿನದು. ಮನೆಯಲ್ಲಿ ಒಲೆಗೆ ಒಂದು ನೆಲೆಯುಂಟು. ಅಡಿಗೆಮನೆಯ ಒಂದು ಮೂಲೆ, ಮೇಲೊಂದು ಬೆಳಕಿಂಡಿ, ಪಕ್ಕದಲ್ಲಿ ನೀರಿನ ಹಂಡೆ, ದೂರದಲ್ಲಿ ಸೌದೆಯ ರಾಶಿ,—ಇವೆಲ್ಲವೂ ತಲೆಮಾರುಗಳ ಅನುಭವದಿಂದ ಗೊತ್ತಾದ ಏರ್ಪಾಡುಗಳು. ಬಂಡಿಯೋ, ಚಲಿಸತಕ್ಕದ್ದು, ಕುಲುಕತಕ್ಕದ್ದು, ಇಕ್ಕಟ್ಟಾದುದು. ನೆಲೆಯುಳ್ಳ ಬೆಂಕಿಗೂ ನೆಲೆಯಿಲ್ಲದ ವಾಹನಕ್ಕೂ ನಂಟು ಕಲ್ಪಿಸಿದ ದಿನದಿಂದ ಮನುಷ್ಯನು ಹೊಸ ಎಚ್ಚರಿಕೆಗಳನ್ನು ಕಲಿಯಬೇಕಾಗಿ ಬಂದಿತು. ಅವುಗಳಲ್ಲಿ ಹಲವನ್ನು ಪ್ರಾಣಗಳನ್ನೇ ತೆತ್ತು ಕಲಿತನು. ಈ ಮಾತಿಗೆ ದೇಶವಿದೇಶಗಳಲ್ಲಿ ನಿದರ್ಶನಗಳುಂಟು. ಆದರೆ ಕಥೆಯ ಮೊದಲನ್ನು ಅರಸುವವರು ಬಹುದೂರ ಹೋಗಬೇಕಾಗಿಲ್ಲ; ಹರಿಹರದ ಹೊಳೆಯ ದಡವೂ ದಾವಣಗೆರೆಯ ಪೇಟೆಯ ಬೀದಿಯೂ ಅದಕ್ಕೆ ಸಾಕು.

ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿರುವುದರಿಂದ ಹರಿಹರಕ್ಕೆ ಕೂಡಲೂರೆಂಬ ಹಳೆಯ ಹೆಸರೂ ಉಂಟು. ಹೊಯ್ಸಳ ಚಕ್ರವರ್ತಿಯಾದ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದ ಮೊದಲ ಪಾದದಲ್ಲಿ ಇಲ್ಲಿಯ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಂದಿನಿಂದ ಇದು ಯಾತ್ರಿಕರು ಬಂದಿಳಿಯುವ ಕ್ಷೇತ್ರ. ನೆರೆಯ ದಾವಣಗೆರೆಯಾದರೋ ವರ್ತಕರು ಬೆಳೆಯಿಸಿದ ಊರು. ಹೈದರಾಲಿಯು ಅದನ್ನು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವ್ಯಾಪಾರಸ್ಥರಿಗೆ ಉತ್ತೇಜನವಿತ್ತು ಅಲ್ಲಿ ನೆಲಸುವಂತೆ ಮಾಡಿದನೆಂದೂ ಇತಿಹಾಸವು ಹೇಳುವುದು. ಮಲೆನಾಡಿನ ಅಡಿಕೆ ಮೆಣಸುಗಳು ದಾವಣಗೆರೆಯ ವರ್ತಕರ ಕೈಯಿಂದ ದೂರದ ವಾಲಾಜಾಪೇಟೆಯವರೆಗೂ ಹೋಗುತ್ತಿದ್ದುವು. ಅಲ್ಲಿಂದ ಉಪ್ಪು, ಅರಿವೆ ಮೊದಲಾದ ಸರಕುಗಳು ಹಿಂದಿರುಗಿ ಬರುತ್ತಿದ್ದುವು. ೧೮೬೮ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ದೊಡ್ಡ ಸೇತುವೆಯಾಯಿತು. ಅರವತ್ತು ಅಡಿ ಹರವಿನ ೧೪ ಕಮಾನುಗಳ ಈ ಕಲ್ಲು ಇಟ್ಟಿಗೆಯ ಸೇತುವೆಗೆ ಆಗಿನ ಕಾಲದಲ್ಲಿಯೇ ಸುಮಾರು ಮೂರೂವರೆ ಲಕ್ಷ ರೂಪಾಯಿ ತಗುಲಿತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಬಂಡಿಗಳೆಲ್ಲ ಇದರ ಮೇಲೆಯೇ ಹಾಯಬೇಕಾಗಿದ್ದಿತು.

ಆ ಬಂಡಿಗಳು ಒಂದು ದಿನದಲ್ಲಿ ಊರು ಮುಟ್ಟುವಂಥವಲ್ಲ. ದಾರಿಯಲ್ಲಿ ಅಡಿಗೆಯಾಗಲೇಬೇಕು. ಆದರೆ ಯಾವ ಬಂಡಿಕಾರನೂ ಬಂಡಿಯೊಳಗೆ ಒಲೆ ಹೂಡಿದವನಲ್ಲ. ಬಂಡಿಯಲ್ಲಿ ಹುಲ್ಲುಂಟು, ಹತ್ತಿಯುಂಟು, ಮೇಲೆ ಬಿದಿರಿನ ಕಮಾನುಂಟು, ಕೀಲಿಗೆ ಹಚ್ಚುವ ಎಣ್ಣೆಯುಂಟು. ಒಂದು ಕಿಡಿ ಸಾಕೆಂಬುದು ಅವನಿಗೆ ಗೊತ್ತು. ಎತ್ತುಗಳ ಕೊರಳನ್ನು ಬಿಚ್ಚಿ, ಬಂಡಿಯನ್ನು ಒಂದು ಕಡೆಗೆ ನಿಲ್ಲಿಸಿ, ಗಾಳಿಯ ದಿಕ್ಕನ್ನು ನೋಡಿ, ದೂರದಲ್ಲಿ ಮೂರು ಕಲ್ಲುಗಳನ್ನಿಟ್ಟು ಬೆಂಕಿ ಮಾಡುವುದು. ಏಳುವಾಗ ಕೆಂಡಕ್ಕೆ ನೀರು ಹಾಕಿ, ಬೂದಿಯನ್ನು ಮಣ್ಣಿನಿಂದ ಮುಚ್ಚುವುದು,—ಇದೇ ದಾರಿಯ ಧರ್ಮ. ಬೆಂಕಿ ಬೇರೆ, ಬಂಡಿ ಬೇರೆ. ಇವೆರಡರ ನಡುವೆ ಒಂದಿಷ್ಟು ಬಯಲು ಇರತಕ್ಕದ್ದು. ಯಾವ ಶಾಸನವೂ ವಿಧಿಸದೆ, ಯಾವ ಪುಸ್ತಕವೂ ಬೋಧಿಸದೆ ಈ ನಿಯಮವು ಬಹುಕಾಲ ನಡೆದು ಬಂದಿತು. ಮುಂದಿನ ಕಥೆಯೆಲ್ಲ, ಆ ಬಯಲನ್ನು ಮನುಷ್ಯನು ಹೇಗೆ ಕಳೆದುಕೊಂಡನು, ಅದರ ಬದಲಿಗೆ ಏನನ್ನು ಕಟ್ಟಿಕೊಂಡನು ಎಂಬುದೇ ಆಗಿದೆ.

ಪಶ್ಚಿಮ ದೇಶಗಳಲ್ಲಿ ಒಲೆಯು ಬಂಡಿಯನ್ನೇರಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೮೫ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ಬಂಡಿಯ ಕಾರ್ಖಾನೆಯು, ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬ ಗ್ರಂಥಕರ್ತನಿಗಾಗಿ ‘ವಾಂಡರರ್’ ಎಂಬ ಹೆಸರಿನ ಒಂದು ಗಾಡಿಯನ್ನು ಸಿದ್ಧಪಡಿಸಿಕೊಟ್ಟಿತು. ಜೋಡಿ ಕುದುರೆಗಳು ಎಳೆಯುವ ಈ ಗಾಡಿಯಲ್ಲಿ ಮಲಗಲು ಸ್ಥಳವೂ, ಪುಸ್ತಕಗಳಿಗೆ ಎಡೆಯೂ, ಅಡಿಗೆಗೆ ಎಣ್ಣೆಯ ಒಲೆಯೂ ಇದ್ದುವು. ಹೊಟ್ಟೆಪಾಡಿಗಾಗಿ ಅಲ್ಲದೆ ಕೇವಲ ವಿನೋದಕ್ಕಾಗಿ ಮನೆಯನ್ನೇ ಚಕ್ರಗಳ ಮೇಲೆ ಏರಿಸಿಕೊಂಡು ತಿರುಗುವ ವಾಹನಗಳಲ್ಲಿ ಇದು ಮೊದಲನೆಯದೆಂದು ಹೇಳುವರು. ಇಂದು ಕ್ಯಾರವಾನ್ ಎಂದು ಕರೆಯಲ್ಪಡುವ ಪ್ರವಾಸಿ ಗಾಡಿಗಳಿಗೆ ಇದೇ ಪೂರ್ವಜ.

ಅದೇ ಕಾಲದಲ್ಲಿ ರೈಲುಗಾಡಿಗಳಲ್ಲಿ ಬೆಂಕಿಯು ಬೇರೊಂದು ರೂಪದಿಂದ ಪ್ರಯಾಣ ಮಾಡುತ್ತಿದ್ದಿತು. ಜರ್ಮನಿಯ ಜೂಲಿಯಸ್ ಪಿಂಟ್ಷ್ ಎಂಬಾತನ ವಿಧಾನದಂತೆ ಎಣ್ಣೆಯಿಂದ ಅನಿಲವನ್ನು ಇಳಿಸಿ, ಅದನ್ನು ಒತ್ತಿ ತುಂಬಿದ ಉಕ್ಕಿನ ಪಾತ್ರೆಗಳನ್ನು ಡಬ್ಬಿಗಳ ಅಡಿಯಲ್ಲಿ ಕಟ್ಟಿ, ಕೊಳವೆಯ ಮೂಲಕ ಒಳಗಿನ ದೀಪಗಳಿಗೆ ಹಾಯಿಸುತ್ತಿದ್ದರು. ಕುಲುಕಿದರೂ ಆರದ ಈ ದೀಪವನ್ನು ಪ್ರಯಾಣಿಕರು ಬಹುವಾಗಿ ಮೆಚ್ಚಿದ್ದರು. ೧೯೧೫ನೆಯ ಮೇ ೨೨ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್ ಎಂಬಲ್ಲಿ ಸೈನಿಕರನ್ನು ಹೊತ್ತ ರೈಲು ನಿಂತ ರೈಲಿಗೆ ಬಡಿಯಿತು. ಅನಂತರ ಬಂದ ಮೂರನೆಯ ರೈಲು ಆ ರಾಶಿಯ ಮೇಲೆ ನುಗ್ಗಿತು. ಮರದ ಡಬ್ಬಿಗಳು ನುಚ್ಚುನೂರಾದುವು. ಅನಿಲವು ಹೊರಕ್ಕೆ ಚಿಮ್ಮಿತು. ಇಂಜಿನ್ನಿನ ಕೆಂಡವು ತಗುಲಿತು. ೨೦೦ಕ್ಕೂ ಮಿಕ್ಕಿ ಜನರು ಮಡಿದರು. ಡಿಕ್ಕಿಯಲ್ಲಿ ಬದುಕಿ ಉಳಿದು, ಉರಿಯಲ್ಲಿ ಸಿಕ್ಕಿ ಸತ್ತವರೂ ಇದ್ದರು. ನೆಟ್ಟಗಿರುವ ದಿನ ಉಪಕಾರಿಯಾದ ಅನಿಲವು ಕೆಟ್ಟ ದಿನ ಹೇಗಿರುವುದೆಂಬುದನ್ನು ಎಣಿಸಿಯೇ ವಾಹನವನ್ನು ಕಟ್ಟಬೇಕೆಂಬುದು ಆ ದುರಂತದ ಪಾಠ. ಮುಂದೆ ರೈಲುಗಳಲ್ಲಿ ಅನಿಲದ ದೀಪವು ಹೋಗಿ ವಿದ್ಯುದ್ದೀಪವು ನೆಲೆಯೂರಿತು.

ಕನ್ನಡ ನಾಡಿನ ರಸ್ತೆಯ ಮೇಲೆ ಅನಿಲವು ವಾಹನವನ್ನೇರಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲು ಸೈನ್ಯದ ಪಾಲಾಗಿ, ಜನರಿಗೆ ಅಳತೆಯ ಮೇಲೆ ದೊರೆಯತೊಡಗಿದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡತೊಡಗಿದುವು. ಬಸ್ಸಿನ ಹಿಂಬದಿಗೆ ದೊಡ್ಡ ಕಬ್ಬಿಣದ ಕೊಳಗದಂಥ ಒಂದು ಕುಲುಮೆ. ಅದರಲ್ಲಿ ಮಲೆನಾಡಿನ ಇದ್ದಿಲು. ಹೊರಡುವುದಕ್ಕೆ ಮೊದಲು ಕ್ಲೀನರನು ತಿದಿಯ ಚಕ್ರವನ್ನು ಗರಗರನೆ ತಿರುಗಿಸಿ ಬೆಂಕಿಯನ್ನೆಬ್ಬಿಸಬೇಕು. ಸಾಲದಷ್ಟು ಗಾಳಿಯಲ್ಲಿ ಇದ್ದಿಲು ಅರೆಬೆಂದು, ಅದರಿಂದ ಹುಟ್ಟುವ ಅನಿಲವು ಸೋಸುಪಾತ್ರೆಯನ್ನು ದಾಟಿ ಇಂಜಿನ್ನನ್ನು ಸೇರಿ ಉರಿಯುವುದು. ಏರು ದಾರಿಯಲ್ಲಿ ಪ್ರಯಾಣಿಕರು ಇಳಿದು ಬಸ್ಸನ್ನು ತಳ್ಳಬೇಕಾಗಿ ಬರುತ್ತಿದ್ದುದನ್ನು ಹಿಂದಿನ ತಲೆಮಾರಿನವರು ನಗುನಗುತ್ತ ಹೇಳುತ್ತಿದ್ದರು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿದುದೂ ಆ ಯುದ್ಧದ ನಡುವೆಯೇ, ೧೯೪೧ರಲ್ಲಿ. ಯಂತ್ರದ ಭಾಷೆಯನ್ನು ಈ ಸೀಮೆಯು ಕಲಿಯುತ್ತಿದ್ದ ಕಾಲವದು.

ನಗೆಯ ಹಿಂದೆ ಒಂದು ಭಯವೂ ಇದ್ದಿತು. ಇದ್ದಿಲಿನ ಅನಿಲದಲ್ಲಿ ಉರಿಯುವ ಭಾಗವು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಕಣಗಳಿಗೆ ಅದು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುವುದು. ತಲೆ ಸಿಡಿಯುವುದು, ಓಕರಿಕೆ ಬರುವುದು, ನಿದ್ದೆ ಕವಿಯುವುದು. ಆ ನಿದ್ದೆಯಿಂದ ಏಳುವುದಿಲ್ಲ. ಆದುದರಿಂದಲೇ ಆ ಕುಲುಮೆಯನ್ನು ಬಸ್ಸಿನ ಒಳಗಲ್ಲದೆ ಹೊರಗೆ ಕಟ್ಟುತ್ತಿದ್ದುದು. ಆದುದರಿಂದಲೇ ಮುಚ್ಚಿದ ಷೆಡ್ಡಿನಲ್ಲಿ ಅದನ್ನು ಹೊತ್ತಿಸಬಾರದೆಂದು ತಿಳಿದವರು ಹೇಳುತ್ತಿದ್ದುದು. ಯುದ್ಧವು ಮುಗಿದು ಪೆಟ್ರೋಲು ಮರಳಿ ಬಂದ ಮೇಲೆ ಇದ್ದಿಲ ಬಸ್ಸು ಮರೆಯಾಯಿತು. ಅದು ಕಲಿಸಿದ ಪಾಠವು ಮಾತ್ರ ಹಳೆಯದಾಗಿಲ್ಲ. ಗಾಳಿ ಸಾಲದ ಎಡೆಯಲ್ಲಿ ಉರಿಯುವ ಯಾವ ಒಲೆಯಾದರೂ, ಅದು ಇಂದಿನ ನಯವಾದ ಅನಿಲದ ಒಲೆಯೇ ಆಗಿದ್ದರೂ, ಅದೇ ವಿಷವನ್ನು ಕಾರುವುದು. ಚಳಿಯ ರಾತ್ರಿ ವಾಹನದ ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆಯನ್ನು ಹೊತ್ತಿಸಿಟ್ಟು ಬೆಚ್ಚಗೆ ಮಲಗಿದವರು ಬೆಳಗಾಗುವಾಗ ಏಳದೆ ಹೋದ ಸಂಗತಿಗಳು ಅನೇಕ ದೇಶಗಳಿಂದ ಕೇಳಿ ಬರುತ್ತವೆ.

ಇನ್ನು ಇಂದಿನ ಅನಿಲದ ವಿಚಾರ. ೧೯೧೦ರಲ್ಲಿ ಅಮೆರಿಕದ ವಾಲ್ಟರ್ ಸ್ನೆಲಿಂಗ್ ಎಂಬ ರಸಾಯನಶಾಸ್ತ್ರಜ್ಞನು ಪೆಟ್ರೋಲು ಬೇಗನೆ ಆವಿಯಾಗಿ ಹೋಗುವ ಕಾರಣವನ್ನು ಅರಸುತ್ತ ಹೋಗಿ ಪ್ರೋಪೇನ್ ಅನಿಲವನ್ನು ಬೇರ್ಪಡಿಸಿದನು. ಪ್ರೋಪೇನಿಗೂ ಅದರ ದಾಯಾದಿಯಾದ ಬ್ಯುಟೇನಿಗೂ ಒಂದು ವಿಶೇಷ ಗುಣವುಂಟು. ಸ್ವಲ್ಪ ಒತ್ತಿದರೆ ಇವು ದ್ರವವಾಗುವುವು, ಬಿಟ್ಟರೆ ಮರಳಿ ಅನಿಲವಾಗುವುವು. ಹೀಗೆ ಬಿಟ್ಟಾಗ ಒಂದು ಪಾಲು ದ್ರವವು ಸುಮಾರು ೨೫೦ ಪಾಲು ಅನಿಲವಾಗಿ ಹರಡುವುದು. ಒಂದು ಕೊಡದಷ್ಟು ದ್ರವದಲ್ಲಿ ಒಂದು ಸಂಸಾರದ ತಿಂಗಳ ಅಡಿಗೆಯ ಬೆಂಕಿಯು ಅಡಗಿರುವುದಕ್ಕೆ ಇದೇ ಕಾರಣ. ಸಣ್ಣದೊಂದು ಸೋರಿಕೆಯು ಇಡೀ ವಾಹನವನ್ನು ತುಂಬಿಬಿಡುವುದಕ್ಕೂ ಇದೇ ಕಾರಣ. ಪ್ರೋಪೇನು ಸೊನ್ನೆಗಿಂತ ೪೨ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕುದಿಯುವುದು. ಬ್ಯುಟೇನು ಸೊನ್ನೆಯ ಸಮೀಪದಲ್ಲಿಯೇ ಸುಮ್ಮನಾಗುವುದು. ಆದುದರಿಂದ ಹಿಮ ಬೀಳುವ ದೇಶಗಳ ಪ್ರವಾಸಿ ಗಾಡಿಗಳಲ್ಲಿ ಪ್ರೋಪೇನಿಗೇ ಪ್ರಾಶಸ್ತ್ಯ. ಬಯಲುಸೀಮೆಯ ಬಿಸಿಲಿಗೆ ಎರಡರ ಮಿಶ್ರಣವೇ ಸಾಕು. ಭಾರತದಲ್ಲಿ ಎಲ್‌ಪಿಜಿ ಎಂಬ ಹೆಸರಿನಿಂದ ಮನೆಮನೆಗೆ ಬರುವುದು ಈ ಮಿಶ್ರಣವೇ.

ಈ ಅನಿಲದ ಎರಡು ಲಕ್ಷಣಗಳನ್ನು ಅರಿತವನು ಉಳಿದೆಲ್ಲ ನಿಯಮಗಳನ್ನೂ ತಾನಾಗಿಯೇ ಊಹಿಸಬಲ್ಲನು. ಮೊದಲನೆಯದು, ಇದು ಗಾಳಿಗಿಂತ ಭಾರ. ಹೊಗೆಯಂತೆ ಮೇಲಕ್ಕೆ ಏರುವುದಿಲ್ಲ, ನೀರಿನಂತೆ ಕೆಳಕ್ಕೆ ಇಳಿದು ನೆಲದ ಮೇಲೆ ಹರಿಯುವುದು, ತಗ್ಗಿನಲ್ಲಿ ನಿಲ್ಲುವುದು. ಬೆಳಕಿಂಡಿಯು ಮೇಲಿದ್ದರೆ ಹೊಗೆ ಹೋದೀತು, ಈ ಅನಿಲವು ಹೋಗದು. ಎರಡನೆಯದು, ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಸಾಕು, ಕಿಡಿ ಸೋಂಕಿದೊಡನೆ ಹೊತ್ತಿಕೊಳ್ಳುವುದು. ಇದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆಯಾದಾಗ ಮೂಗಿಗೆ ಬಡಿಯುವ ಕೊಳೆತ ವಾಸನೆಯು ಮರ್ಕಾಪ್ಟನ್ ಎಂಬ ದ್ರವ್ಯವನ್ನು ಬುದ್ಧಿಪೂರ್ವಕವಾಗಿ ಬೆರೆಸಿದ್ದರ ಫಲ. ಆ ದುರ್ಗಂಧದ ಹಿಂದೆಯೂ ಒಂದು ಶೋಕದ ಕಥೆಯುಂಟು. ೧೯೩೭ನೆಯ ಮಾರ್ಚಿ ೧೮ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ವಾಸನೆಯಿಲ್ಲದ ಭೂಗರ್ಭದ ಅನಿಲವು ನೆಲದಡಿಯಲ್ಲಿ ಸೋರಿ ತುಂಬಿ ಸಿಡಿಯಿತು. ಸುಮಾರು ೩೦೦ ಮಂದಿ ಮಕ್ಕಳೂ ಉಪಾಧ್ಯಾಯರೂ ಸತ್ತರು. ಅನಿಲಕ್ಕೆ ವಾಸನೆ ಬೆರೆಸತಕ್ಕದ್ದೆಂಬ ಶಾಸನವು ಟೆಕ್ಸಾಸಿನಲ್ಲಿ ಕೂಡಲೇ ಆಯಿತು. ಆ ಪದ್ಧತಿಯು ಅನಂತರ ಬೇರೆ ಪ್ರಾಂತಗಳಿಗೂ ದೇಶಗಳಿಗೂ ಹರಡಿತು. ಇಂದು ಗೃಹಿಣಿಯು ಮೂಗು ಮುಚ್ಚಿಕೊಂಡು ಬೈಯುವ ಆ ನಾತವು ಆ ಮಕ್ಕಳು ಬಿಟ್ಟುಹೋದ ರಕ್ಷೆ.

ಭಾರತಕ್ಕೆ ಅಡಿಗೆಯ ಅನಿಲವು ೧೯೫೫ರಲ್ಲಿ ಬಂದಿತು. ಬರ್ಮಾ ಷೆಲ್ ಕಂಪೆನಿಯು ‘ಬರ್ಷೇನ್’ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಅದನ್ನು ಮೊದಲು ಮಾರಿತು. ೧೯೬೫ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ‘ಇಂಡೇನ್’ ಕಲ್ಕತ್ತೆಯಲ್ಲಿ ಆರಂಭವಾಯಿತು. ನಗರಗಳ ಸ್ಥಿತಿವಂತರ ಮನೆಗಳಿಗಷ್ಟೇ ಸಲ್ಲುತ್ತಿದ್ದ ಕೆಂಪು ಸಿಲಿಂಡರು ಕ್ರಮೇಣ ಸಣ್ಣ ಊರುಗಳಿಗೂ ಹಳ್ಳಿಗಳಿಗೂ ಇಳಿಯಿತು. ಮನೆಗೆ ೧೪.೨ ಕಿಲೋಗ್ರಾಮಿನದು, ವ್ಯಾಪಾರಕ್ಕೆ ೧೯ ಕಿಲೋಗ್ರಾಮಿನದು, ಒಬ್ಬಂಟಿಗರಿಗೂ ಪ್ರವಾಸಿಗಳಿಗೂ ೫ ಕಿಲೋಗ್ರಾಮಿನದು ಎಂಬ ಪ್ರಮಾಣಗಳು ರೂಢಿಗೆ ಬಂದುವು. ದಾವಣಗೆರೆಯಲ್ಲಿ ಬೆಣ್ಣೆದೋಸೆಯ ರುಚಿಯು ಸೌದೆಯ ಒಲೆಯಲ್ಲಿದೆಯೆಂದು ನಂಬಿ ಸೌದೆಯನ್ನು ಬಿಡದ ಉಪಾಹಾರಗೃಹಗಳುಂಟು. ಆದರೆ ಸಂಜೆಯ ಹೊತ್ತು ಮಿರ್ಚಿ ಮಂಡಕ್ಕಿಯನ್ನು ಮಾರುವ ತಳ್ಳುಗಾಡಿಗಳಿಗೂ, ಮೋಟಾರಿನ ಮೇಲೆಯೇ ಅಡಿಗೆಮನೆಯನ್ನು ಕಟ್ಟಿಕೊಂಡು ನಿಲ್ಲುವ ಸಂಚಾರಿ ಕ್ಯಾಂಟೀನುಗಳಿಗೂ ಅನಿಲವೇ ಅನುಕೂಲ. ಹೀಗೆ ಮೂರು ಕಲ್ಲಿನ ಒಲೆಯು ಕೊನೆಗೂ ಬಂಡಿಯನ್ನೇರಿತು. ಬೆಂಕಿಗೂ ಬಂಡಿಗೂ ನಡುವಣ ಬಯಲು ಒಂದು ಗಜದ ರಬ್ಬರಿನ ಕೊಳವೆಗೆ ಇಳಿಯಿತು.

ಅನಿಲವು ಬಂಡಿಯನ್ನು ಏರಿದುದಷ್ಟೇ ಅಲ್ಲ, ಬಂಡಿಯನ್ನು ಎಳೆಯತೊಡಗಿದ ಕಥೆಯೂ ಇಲ್ಲಿ ಸೇರಬೇಕು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪೆಟ್ರೋಲಿನ ಬೆಲೆಗೆ ಬೆದರಿದ ಅನೇಕರು ಮನೆಯ ಸಿಲಿಂಡರನ್ನೇ ಕಾರಿನ ಹಿಂಬದಿಯಲ್ಲಿಟ್ಟು, ಕದ್ದುಮುಚ್ಚಿ ಇಂಜಿನ್ನಿಗೆ ಕೊಳವೆ ಹಾಯಿಸುತ್ತಿದ್ದರು. ೨೦೦೦ದಲ್ಲಿ ಮೋಟಾರು ವಾಹನಗಳ ಶಾಸನಕ್ಕೆ ತಿದ್ದುಪಡಿಯಾಗಿ ವಾಹನಗಳಲ್ಲಿ ಈ ಅನಿಲದ ಉಪಯೋಗಕ್ಕೆ ಅನುಮತಿ ದೊರೆಯಿತು. ೨೦೦೧ರಲ್ಲಿ ಅದಕ್ಕೆ ಸಂಬಂಧಪಟ್ಟ ಆಜ್ಞೆಯು ಹೊರಟಿತು. ಅಂದಿನಿಂದ ವಾಹನದ ಅನಿಲಕ್ಕೆ ಬೇರೆ ಬಂಕು, ಬೇರೆ ತೊಟ್ಟಿ. ಮನೆಯ ಸಿಲಿಂಡರಿಗೂ ವಾಹನದ ತೊಟ್ಟಿಗೂ ಭೇದವು ಹೆಸರಿನದಲ್ಲ, ಒಳಗಣ ರಚನೆಯದು. ವಾಹನದ ತೊಟ್ಟಿಯನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ. ನೂರಕ್ಕೆ ೮೦ ಭಾಗ ತುಂಬಿದೊಡನೆ ಅದರ ಬಾಯಿ ತಾನಾಗಿಯೇ ಮುಚ್ಚುವುದು. ಇಂಜಿನ್ನು ನಿಂತರೆ ಅನಿಲವೂ ನಿಲ್ಲುವುದು. ಮನೆಯ ಸಿಲಿಂಡರಿಗೆ ಈ ಬುದ್ಧಿಯಿಲ್ಲ. ಅದು ಒಂದೆಡೆಯಲ್ಲಿ ನೆಟ್ಟಗೆ ನಿಂತು, ತಲೆಯಿಂದ ಆವಿಯನ್ನು ಮಾತ್ರ ಕೊಡಲು ಹುಟ್ಟಿದುದು. ಅದನ್ನು ಮಲಗಿಸಿದರೆ ಆವಿಯ ಬದಲು ದ್ರವವೇ ನುಗ್ಗುವುದು; ಹಾಗೆ ನುಗ್ಗಿದ ದ್ರವವನ್ನು ತಡೆಯುವ ಶಕ್ತಿಯು ಒಲೆಯ ರೆಗ್ಯುಲೇಟರಿಗಿಲ್ಲ.

ಈ ಅರಿವಿಲ್ಲದೆ ನಡೆದರೆ ಆಗುವುದೇನೆಂಬುದಕ್ಕೆ ಈಚಿನ ಎರಡು ಸಂಗತಿಗಳನ್ನು ಸ್ಮರಿಸಿದರೆ ಸಾಕು. ೨೦೧೩ನೆಯ ಏಪ್ರಿಲ್ ತಿಂಗಳಿನಲ್ಲಿ ದಕ್ಷಿಣ ಕನ್ನಡದ ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ ಹೆದ್ದಾರಿಯ ಮೇಲೆ ಅನಿಲದ ಟ್ಯಾಂಕರೊಂದು ಮಗುಚಿತು. ಹೊರಬಿದ್ದ ಅನಿಲವು ನೆಲವನ್ನು ಹಿಡಿದು ಹರಡಿ ಹೊತ್ತಿಕೊಂಡು, ರಸ್ತೆಯ ಬದಿಯ ಮನೆಗಳನ್ನು ಸುಟ್ಟಿತು. ಮನೆಯೊಳಗಿದ್ದ ನಿರಪರಾಧಿಗಳೂ ಬಲಿಯಾದರು. ೨೦೨೩ನೆಯ ಆಗಸ್ಟ್ ೨೬ರ ಬೆಳಗಿನ ಜಾವ ತಮಿಳುನಾಡಿನ ಮಧುರೆಯ ರೈಲುನಿಲ್ದಾಣದ ಬಳಿ ಉತ್ತರಪ್ರದೇಶದ ಯಾತ್ರಿಕರಿದ್ದ ಡಬ್ಬಿಯೊಂದು ಬೇರ್ಪಟ್ಟು ನಿಂತಿದ್ದಿತು. ನಿಯಮವನ್ನು ಮೀರಿ ಒಳಕ್ಕೆ ತಂದಿದ್ದ ಅನಿಲದ ಸಿಲಿಂಡರಿನಿಂದ ಬೆಳಗಿನ ಚಹ ಕಾಯಿಸಹೊರಟಾಗ ಬೆಂಕಿ ಹೊತ್ತಿತು. ಒಂಬತ್ತು ಮಂದಿ ಯಾತ್ರಿಕರು ತೀರಿಹೋದರು. ಅಪಾಯಕರ ವಸ್ತುಗಳನ್ನು ರೈಲಿನಲ್ಲಿ ಒಯ್ಯಬಾರದೆಂದು ೧೯೮೯ರ ರೈಲ್ವೆ ಶಾಸನವು ಸ್ಪಷ್ಟವಾಗಿ ನಿಷೇಧಿಸಿದೆ. ಶಾಸನವಿದ್ದಿತು, ರೂಢಿಯಿರಲಿಲ್ಲ. ಹಿಂದಣ ಬಂಡಿಕಾರನಿಗೆ ಶಾಸನವಿರಲಿಲ್ಲ, ರೂಢಿಯಿದ್ದಿತು. ಎರಡು ಕಾಲಗಳ ಭೇದವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಹಾಗೆಂದು ಅನಿಲವನ್ನು ದೂರುವುದು ನ್ಯಾಯವಲ್ಲ. ಹೊಗೆಯಿಂದ ಕಣ್ಣು ಕೆಡಿಸಿಕೊಂಡ ತಾಯಂದಿರಿಗೆ ಅದು ಮಾಡಿದ ಉಪಕಾರವು ದೊಡ್ಡದು. ಪಶ್ಚಿಮ ದೇಶಗಳಲ್ಲಿ ಲಕ್ಷಾಂತರ ಪ್ರವಾಸಿ ಗಾಡಿಗಳು ಒಲೆ, ನೀರು ಕಾಯಿಸುವ ಪಾತ್ರೆ, ತಂಪುಪೆಟ್ಟಿಗೆಗಳನ್ನೆಲ್ಲ ಅನಿಲದಿಂದಲೇ ನಡೆಸಿಕೊಂಡು ಕ್ಷೇಮವಾಗಿ ತಿರುಗುತ್ತಿವೆ. ಕಳೆದುಹೋದ ಬಯಲಿನ ಬದಲಿಗೆ ಅವರು ಕಟ್ಟಿಕೊಂಡ ಏರ್ಪಾಡೇ ಅದಕ್ಕೆ ಕಾರಣ. ಅಲ್ಲಿ ಸಿಲಿಂಡರಿಗೆ ಜನರಿರುವ ಕೋಣೆಯೊಳಗೆ ಪ್ರವೇಶವಿಲ್ಲ. ಅದಕ್ಕೆ ಬೇರೊಂದು ಪೆಟ್ಟಿಗೆ. ಆ ಪೆಟ್ಟಿಗೆಯ ಬಾಗಿಲು ವಾಹನದ ಹೊರಕ್ಕೆ ಮಾತ್ರ ತೆರೆಯುವುದು. ಅದರ ತಳದಲ್ಲಿ ಮುಚ್ಚಲಾಗದಂಥ ರಂಧ್ರಗಳು. ಸೋರಿದ ಅನಿಲವು ತನ್ನ ಭಾರದಿಂದ ತಾನೇ ಕೆಳಗಿಳಿದು ಬಯಲಿಗೆ ಹೋಗುವುದು. ಕೋಣೆಯ ನೆಲದಲ್ಲಿಯೂ ಅಂತಹ ಕಿಂಡಿಗಳಿರುತ್ತವೆ. ಚಳಿಗೋ ಧೂಳಿಗೋ ಬೇಸತ್ತು ಅವುಗಳಿಗೆ ಬಟ್ಟೆ ತುರುಕುವವನು ತನ್ನ ಉಸಿರಿನ ಬಾಗಿಲನ್ನೇ ಮುಚ್ಚಿದಂತಾಯಿತು. ಅನಿಲದ ಇರವನ್ನು ಕೂಗಿ ಹೇಳುವ ಯಂತ್ರವನ್ನು ನೆಲದ ಸಮೀಪದಲ್ಲಿಯೂ, ಕಾರ್ಬನ್ ಮೊನಾಕ್ಸೈಡನ್ನು ಸಾರುವ ಯಂತ್ರವನ್ನು ಮಲಗುವವರ ಉಸಿರಿನ ಮಟ್ಟಕ್ಕೂ ಇಡುವುದು ಅಲ್ಲಿಯ ವಾಡಿಕೆ.

ಚಲಿಸುವ ಒಲೆಯ ಆರೈಕೆಯು ಮನೆಯ ಒಲೆಯ ಆರೈಕೆಗಿಂತ ಕಠಿಣವಾದುದು. ಮನೆಯಲ್ಲಿ ವರ್ಷಗಟ್ಟಲೆ ಅಲುಗದ ಕೀಲು ರಸ್ತೆಯ ಕುಲುಕಿಗೆ ದಿನವೊಂದರಲ್ಲಿ ಸಡಿಲುವುದು. ಆದುದರಿಂದ ಸಿಲಿಂಡರು ನೆಟ್ಟಗೆ ನಿಂತು, ಪಟ್ಟಿಯಿಂದ ಬಿಗಿಯಲ್ಪಟ್ಟಿರಬೇಕು. ಬೇಸಗೆಯ ಬಿಸಿಲಿನಲ್ಲಿ ದ್ರವವು ಹಿಗ್ಗುವುದರಿಂದಲೇ ಸಿಲಿಂಡರಿನಲ್ಲಿ ಸ್ವಲ್ಪ ತೆರವನ್ನು ಬಿಟ್ಟು ತುಂಬುವುದು. ಆ ತೆರವನ್ನು ಗೌರವಿಸಿ ಸಿಲಿಂಡರನ್ನು ನೆರಳಿನಲ್ಲಿ ಇಡತಕ್ಕದ್ದು. ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದೂ ಒಂದು ವರ್ಷದ ಅಂಕಿಯೂ ಇರುತ್ತವೆ. ಎ ಎಂದರೆ ಮಾರ್ಚಿ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ತಿಂಗಳ ಕೊನೆ. ಆ ಗಡುವಿನೊಳಗೆ ಸಿಲಿಂಡರನ್ನು ಮರಳಿ ಪರೀಕ್ಷಿಸಬೇಕೆಂದು ಅದರ ಅರ್ಥ. ಗಡುವು ಮೀರಿದ ಸಿಲಿಂಡರನ್ನು ಸ್ವೀಕರಿಸಬೇಕಾಗಿಲ್ಲ. ರಬ್ಬರಿನ ಕೊಳವೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ, ಬದಲಾಯಿಸಬೇಕು. ವಾಹನದಲ್ಲಿ ಉದ್ದವಾದ ರಬ್ಬರು ಸಲ್ಲದು. ಲೋಹದ ಕೊಳವೆಯನ್ನು ಮೈಗೆ ಬಿಗಿದು, ತುದಿಗಳಲ್ಲಿ ಮಾತ್ರ ರಬ್ಬರನ್ನು ಉಪಯೋಗಿಸುವುದು ಲೇಸು.

ಸೋರಿಕೆಯನ್ನು ಹುಡುಕುವ ಉಪಾಯವು ಅತಿ ಸುಲಭವಾದುದು. ಸಾಬೂನಿನ ನೀರನ್ನು ಕೀಲುಗಳಿಗೆ ಹಚ್ಚಿದರೆ ಸೋರುವ ಎಡೆಯಲ್ಲಿ ಗುಳ್ಳೆಗಳೇಳುವುವು. ಪ್ರತಿ ಪ್ರಯಾಣಕ್ಕೆ ಮೊದಲೂ ಈ ಐದು ನಿಮಿಷದ ಕೆಲಸವನ್ನು ಮಾಡಬೇಕು. ಬೆಂಕಿಕಡ್ಡಿಯಿಂದ ಹುಡುಕುವ ಮೂಢರು ಇಂದಿಗೂ ಇಲ್ಲದಿಲ್ಲ. ಜ್ವಾಲೆಯು ನೀಲಿಯಾಗಿದ್ದರೆ ಒಲೆಯ ಆರೋಗ್ಯವು ಸರಿ. ಹಳದಿಗೆ ತಿರುಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದೆಂದು ತಿಳಿಯಬೇಕು. ಅಡಿಗೆಯ ಹೊತ್ತು ಕಿಟಕಿ ತೆರೆದಿರಬೇಕು. ಒಲೆಯನ್ನು ಅಗ್ಗಿಷ್ಟಿಕೆಯಾಗಿ ಉಪಯೋಗಿಸಲಾಗದು. ಚಕ್ರವು ಉರುಳುವ ಮೊದಲು ಒಲೆಯ ಗುಂಡಿಯನ್ನಲ್ಲ, ಸಿಲಿಂಡರಿನ ಬಾಯನ್ನೇ ಮುಚ್ಚಬೇಕು. ಪೆಟ್ರೋಲ್ ಬಂಕಿನೊಳಗೆ ನುಗ್ಗುವ ಮೊದಲು ವಾಹನದೊಳಗಿನ ಸಣ್ಣ ಜ್ವಾಲೆಯೂ ಆರಿರಬೇಕು. ಒಂದು ವೇಳೆ ವಾಸನೆ ಬಂದರೆ, ಬಾಯನ್ನು ಮುಚ್ಚಿ, ಬಾಗಿಲುಗಳನ್ನು ತೆರೆದು, ಎಲ್ಲರೂ ಕೆಳಗಿಳಿದು ದೂರ ಹೋಗತಕ್ಕದ್ದು. ದೀಪದ ಗುಂಡಿಯನ್ನು ಹಾಕಲೂಬಾರದು, ತೆಗೆಯಲೂಬಾರದು, ಇಂಜಿನ್ನನ್ನು ಹೊಡೆಯಬಾರದು, ದೂರವಾಣಿಯನ್ನು ಹೊರಗೆ ದೂರ ಹೋದ ಮೇಲೆಯೇ ಕೈಗೆತ್ತಿಕೊಳ್ಳಬೇಕು. ಸೋರಿಕೆಯ ಸಹಾಯಕ್ಕಾಗಿ ಭಾರತದಲ್ಲೆಲ್ಲ ೧೯೦೬ ಎಂಬ ದೂರವಾಣಿಯ ಸಂಖ್ಯೆಯನ್ನು ಗೊತ್ತುಮಾಡಲಾಗಿದೆ.

ಇಂದು ಹರಿಹರ ದಾವಣಗೆರೆಗಳ ಹೆದ್ದಾರಿಯು ನಾಲ್ವತ್ತೆಂಟನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಾಗಿ, ಬೆಂಗಳೂರು ಮುಂಬಯಿಗಳ ನಡುವೆ ಹಗಲಿರುಳೂ ಓಡುವ ವಾಹನಗಳಿಂದ ತುಂಬಿದೆ. ಯಾತ್ರೆಯ ಬಸ್ಸುಗಳು, ಮದುವೆಯ ದಿಬ್ಬಣಗಳು, ಮಲಗಲೂ ಅಡಿಗೆಗೂ ಸೌಕರ್ಯವುಳ್ಳ ಪ್ರವಾಸಿ ಗಾಡಿಗಳು,—ಇವುಗಳಲ್ಲಿ ಕುಳಿತು ಹೊರಡುವವರು ಈ ಸೀಮೆಯ ಗೃಹಸ್ಥರೇ; ಅಡಿಗೆಯವನನ್ನೂ ಅನಿಲವನ್ನೂ ಜೊತೆಗೆ ಕರೆದೊಯ್ಯಬೇಕೆಂದು ಆಸೆಪಡುವವರೂ ಅವರೇ. ಪ್ರಯಾಣಿಕರು ಕುಳಿತ ಬಸ್ಸಿನೊಳಗೆ ಸಿಲಿಂಡರನ್ನು ಒಯ್ಯುವುದೇ ಸಲ್ಲದು. ತಂಗುವ ಎಡೆಯಲ್ಲಿ ಒಲೆ ದೊರೆಯದಿರುವುದಿಲ್ಲ. ಅಡಿಗೆಗೆಂದೇ ಕಟ್ಟಿದ ವಾಹನವನ್ನು ಬಾಡಿಗೆಗೆ ಹಿಡಿಯುವವರು ಬೆಲೆಯನ್ನು ಕೇಳುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ: ಸಿಲಿಂಡರನ್ನು ಎಲ್ಲಿ ಇಟ್ಟಿದ್ದೀರಿ? ಸೋರಿದ ಅನಿಲವು ನೆಲದ ಮಟ್ಟದಿಂದ ಹೊರಗೆ ಹೋಗಲು ದಾರಿ ಯಾವುದು? ಹೊರಡುವಾಗ ಅದರ ಬಾಯನ್ನು ಮುಚ್ಚುವ ಹೊಣೆ ಯಾರದು? ಈ ಮೂರಕ್ಕೂ ಕೂಡಲೇ ಉತ್ತರ ಬಾರದಿದ್ದರೆ, ಆ ಗಾಡಿಯನ್ನು ಹತ್ತದೆ ಇರುವುದೇ ಮಕ್ಕಳು ಮರಿಗಳೊಡನೆ ಹೊರಟವರಿಗೆ ಲೇಸು.